ಮದ್ದು ಘಟ್ಟ ಹತ್ತಿತು, ಮಾತು ಕೆಳಗೇ ಉಳಿಯಿತು

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಗುಡ್ಡಗಳಿಗೆ ಕೆಟಮಿನ್ ಹೊಸ ಪದಾರ್ಥವಲ್ಲ. ತೋಟಕ್ಕೆ ನುಗ್ಗುವ ಪುಂಡಾನೆಯನ್ನು ಹಿಡಿಯಲು ಸಾಕಾನೆಗಳ ಜೊತೆ ಬರುವ ಪಶುವೈದ್ಯರು ಕೋವಿಯಿಂದ ಹೊಡೆಯುವ ಅರಿವಳಿಕೆಯಲ್ಲಿ ಕ್ಸೈಲಜಿನ್‌ಗೆ ಇದನ್ನೂ ಬೆರೆಸುವುದುಂಟು. ಅರಿವಳಿಕೆ ತಜ್ಞರಿಲ್ಲದ ಸಣ್ಣ ಆಸ್ಪತ್ರೆಗಳಲ್ಲಿ ಮುರಿದ ಮೂಳೆ ಕೂರಿಸುವಾಗ, ಸುಟ್ಟ ಗಾಯದ ಪಟ್ಟಿ ಬದಲಿಸುವಾಗ ವೈದ್ಯರು ನೆಚ್ಚಿಕೊಂಡು ಬಂದದ್ದೂ ಇದನ್ನೇ. ಉಸಿರನ್ನು ಅಷ್ಟಾಗಿ ಕುಗ್ಗಿಸುವುದಿಲ್ಲ, ರಕ್ತದೊತ್ತಡವನ್ನು ಇಳಿಸುವುದಿಲ್ಲ, ದೊಡ್ಡ ಯಂತ್ರಗಳನ್ನು ಬೇಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲೇ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹೊಸದು ಇದರ ಇನ್ನೊಂದು ಬಳಕೆ: ಬೇರೆ ಮಾತ್ರೆಗಳಿಗೆ ಬಗ್ಗದ ಖಿನ್ನತೆಗೆ, ಕುಡಿತದ ಚಟಕ್ಕೆ ಇದನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟು, ಅದರ ಹಿಂದೆ ಮುಂದೆ ಆಪ್ತಸಮಾಲೋಚನೆ ನಡೆಸುವ ಚಿಕಿತ್ಸೆ. ನಗರಗಳಲ್ಲಿ ಇದರ ಮಾತು ನಡೆಯುತ್ತಿರುವಾಗ ಮಲೆನಾಡಿನಿಂದ ನೋಡುವವರು ಒಂದು ಇತಿಹಾಸವನ್ನು ಎದುರಿಗಿಟ್ಟುಕೊಳ್ಳಬೇಕು. ಮನಸ್ಸಿನ ಕಾಯಿಲೆಗೆ ಈ ಗುಡ್ಡಗಳಿಗೆ ಹೊರಗಿನಿಂದ ಬಂದ ಪ್ರತಿಯೊಂದು ಚಿಕಿತ್ಸೆಯಲ್ಲೂ ಮದ್ದು ಮೊದಲು ಬಂದಿದೆ, ರೋಗಿಯ ಪಕ್ಕದಲ್ಲಿ ಕೂತು ಕೇಳುವ ಮನುಷ್ಯ ಕೊನೆಗೆ ಬಂದಿದ್ದಾನೆ, ಎಷ್ಟೋ ಸಲ ಬಂದೇ ಇಲ್ಲ.

ಆಸ್ಪತ್ರೆಗಳಿಗಿಂತ ಮುಂಚೆ ಏನಿತ್ತು ಎಂಬುದಕ್ಕೆ ಒಳ್ಳೆಯ ದಾಖಲೆ ಘಟ್ಟದ ಕೆಳಗೆ ಸಿಗುತ್ತದೆ. ಮನೋವೈದ್ಯರಾದ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಕರಾವಳಿಯ ಕೋಟದಲ್ಲಿ ಅಧ್ಯಯನ ನಡೆಸಿ 1976ರಲ್ಲಿ ಪುಸ್ತಕ ಪ್ರಕಟಿಸಿದರು. ಮನಸ್ಸು ಕೆಟ್ಟಾಗ ಅಲ್ಲಿನ ಜನ ಹೋಗುತ್ತಿದ್ದದ್ದು ನಾಡವೈದ್ಯರ ಬಳಿಗೆ, ಮಂತ್ರವಾದಿಗಳ ಬಳಿಗೆ, ದೈವ ಮೈಮೇಲೆ ಬರುವ ಪಾತ್ರಿಗಳ ಬಳಿಗೆ. ಇಂಗ್ಲಿಷ್ ಔಷಧಿ ಕೊಡುವ ಡಾಕ್ಟರರನ್ನೂ ಅವರು ಬಿಡುತ್ತಿರಲಿಲ್ಲ. ಕರಾವಳಿಯಿಂದ ಕೂಲಿಗೆಂದು ಘಟ್ಟ ಹತ್ತಿ ತೋಟದ ಲೈನ್ ಮನೆಗಳಲ್ಲಿ ನೆಲೆಸಿದ ಕುಟುಂಬಗಳು ತಮ್ಮ ದೈವಗಳನ್ನು, ನಂಬಿಕೆಗಳನ್ನು ಜೊತೆಗೇ ತಂದವು. ಈ ಪದ್ಧತಿಯನ್ನು ಹೊಗಳಿ ಹಾಡುವುದು ನನ್ನ ಉದ್ದೇಶವಲ್ಲ. ಹೊಡೆತ, ಸಂಕೋಲೆ, ಉಪವಾಸಗಳೂ ಇಂಥ ಚಿಕಿತ್ಸೆಯ ಭಾಗವಾಗಿದ್ದವು. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದದ್ದನ್ನು ಮರೆತು ಯಾರೂ ಹಳೆಯ ಕಾಲವನ್ನು ಹಂಬಲಿಸಬಾರದು. ಆದರೂ ಪಾತ್ರಿಯ ಮುಂದೆ ನಿಂತ ರೋಗಿ ಒಬ್ಬಂಟಿಯಾಗಿ ನಿಂತಿರುತ್ತಿರಲಿಲ್ಲ. ಮನೆಯವರು ಸುತ್ತ ಇರುತ್ತಿದ್ದರು, ಏನಾಯಿತು ಎಂಬ ಪ್ರಶ್ನೆ ಅವನದೇ ಭಾಷೆಯಲ್ಲಿ ಬರುತ್ತಿತ್ತು, ಜಾಗದ ಜಗಳವೋ ಸತ್ತವರ ನೆನಪೋ ಹತ್ತು ಜನರೆದುರು ಮಾತಾಗಿ ಹೊರಬೀಳುತ್ತಿತ್ತು.

ಸಂಸ್ಥಾನದ ಆಸ್ಪತ್ರೆ ತಪ್ಪಿಸಿದ್ದು ಈ ಮಾತನ್ನು. 19ನೇ ಶತಮಾನದ ನಡುವಿನಲ್ಲಿ ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಆರಂಭವಾಯಿತು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂತು. 1954ರಲ್ಲಿ ಅದರ ಮಗ್ಗುಲಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಕಾಫಿ ಸೀಮೆಯ ರೋಗಿಗೆ ಅದು ಬೇರೆಯೇ ಲೋಕ. ಚಿಕ್ಕಮಗಳೂರಿಗೆ ರೈಲು ಬಂದದ್ದೇ 2013ರಲ್ಲಿ. ಅದುವರೆಗೆ ರೈಲು ಹತ್ತಬೇಕೆಂದರೆ ಕಡೂರಿಗೆ ಹೋಗಬೇಕಿತ್ತು. ಲೈನ್ ಮನೆಯ ಕೂಲಿಯವನನ್ನು ಅಷ್ಟು ದೂರ ಕರೆದೊಯ್ದು ಜೊತೆಗೆ ಉಳಿಯುವ ಶಕ್ತಿ ಎಷ್ಟು ಮನೆಗಳಿಗಿತ್ತು? ಆ ಕಾಲದ ಆಸ್ಪತ್ರೆಗಳೂ ಮನೆಯವರನ್ನು ಹೊರಗಿಟ್ಟೇ ಯೋಚಿಸುತ್ತಿದ್ದವು. ಅದು ತಪ್ಪು ಎಂದು ತೋರಿಸಿದವರಲ್ಲಿ ಮೊದಲಿಗರು ಅಮೃತಸರದ ಡಾ. ವಿದ್ಯಾಸಾಗರ್. 1950ರ ದಶಕದಲ್ಲಿ ಅವರು ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಬೆಂಗಳೂರಿನ ಸಂಸ್ಥೆಯೂ ಮುಂದೆ ಕುಟುಂಬವನ್ನು ಚಿಕಿತ್ಸೆಯ ಒಳಗೆ ಕರೆದುಕೊಂಡಿತು. ಇದರಿಂದ ಹೊಸ ಮದ್ದೇನೂ ಹುಟ್ಟಲಿಲ್ಲ. ಇದ್ದ ಚಿಕಿತ್ಸೆಗೇ ಬಲ ಬಂತು.

ಮದ್ದಿನ ಕಥೆಯಲ್ಲಿ ಪಶ್ಚಿಮಘಟ್ಟದ ಒಂದು ಗಿಡಕ್ಕೂ ಪಾಲಿದೆ. ಘಟ್ಟದ ತಪ್ಪಲಿನ ನೆರಳಲ್ಲಿ ಬೆಳೆಯುವ ಸರ್ಪಗಂಧದ ಬೇರನ್ನು ನಾಡವೈದ್ಯರು ಹಾವು ಕಡಿತಕ್ಕೂ ತಲೆ ಕೆಟ್ಟವರಿಗೂ ಕೊಡುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್‌ಚಂದ್ರ ಬೋಸ್ ಹುಚ್ಚಿಗೂ ರಕ್ತದೊತ್ತಡಕ್ಕೂ ಅದು ಮದ್ದು ಎಂದು ಬರೆದರು. ಮುಂಬಯಿಯ ಡಾ. ರುಸ್ತುಂ ವಕೀಲ್ 1949ರಲ್ಲಿ ಅದರ ರಕ್ತದೊತ್ತಡದ ಗುಣವನ್ನು ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರಿಸರ್ಪೀನ್ ಬೇರ್ಪಡಿಸಿದರು. 1954ರ ಹೊತ್ತಿಗೆ ನ್ಯೂಯಾರ್ಕಿನ ನೇಥನ್ ಕ್ಲೈನ್ ಅದನ್ನು ಮಾನಸಿಕ ರೋಗಿಗಳಿಗೆ ಕೊಟ್ಟು ಫಲಿತಾಂಶ ವರದಿ ಮಾಡಿದ್ದರು. ಬೇರಿನ ಸಾರ ಮಾತ್ರೆಯಾಗಿ ಲೋಕ ಸುತ್ತಿತು. ಬೇರನ್ನು ಅರೆದು ಕೊಟ್ಟು, ದಿನವೂ ಬಂದು ರೋಗಿಯ ಮುಖ ನೋಡುತ್ತಿದ್ದ ವೈದ್ಯನ ಪಾಲನೆ ಅದರ ಜೊತೆ ಹೋಗಲಿಲ್ಲ. ರಕ್ತದೊತ್ತಡಕ್ಕೆ ರಿಸರ್ಪೀನ್ ತೆಗೆದುಕೊಂಡ ಕೆಲವರಿಗೆ ಖಿನ್ನತೆ ಬಂತೆಂಬ ವರದಿಗಳು ಬಂದವು. ಆ ವರದಿಗಳು ಎಷ್ಟು ನಿಜ ಎಂಬ ಬಗ್ಗೆ ಆಮೇಲೆ ತಕರಾರು ಎದ್ದರೂ, ಮಿದುಳಿನಲ್ಲಿ ಸಿರೊಟೋನಿನ್‌ನಂಥ ರಾಸಾಯನಿಕಗಳು ಕಡಿಮೆಯಾದರೆ ಖಿನ್ನತೆ ಬರುತ್ತದೆ ಎಂಬ ಸಿದ್ಧಾಂತಕ್ಕೆ ಅವೂ ಒಂದು ಆಧಾರವಾದವು. ಇಂದು ಮೆಡಿಕಲ್ ಶಾಪಿನಲ್ಲಿ ಸಿಗುವ ಖಿನ್ನತೆಯ ಮಾತ್ರೆಗಳಲ್ಲಿ ಬಹುಪಾಲು ಆ ಸಿದ್ಧಾಂತದ ದಾರಿಯಲ್ಲೇ ಬಂದವು. ಕೆಟಮಿನ್ ಹಿಡಿದದ್ದು ಬೇರೆ ದಾರಿ. ಅದು ಕೆಲಸ ಮಾಡುವುದು ಮುಖ್ಯವಾಗಿ ಗ್ಲುಟಮೇಟ್ ಎಂಬ ಇನ್ನೊಂದು ರಾಸಾಯನಿಕದ ವ್ಯವಸ್ಥೆಯ ಮೇಲೆ.

ಕೆಟಮಿನ್ ಹುಟ್ಟಿದ್ದು 1962ರಲ್ಲಿ, ಅಮೆರಿಕದ ಪಾರ್ಕ್ ಡೇವಿಸ್ ಕಂಪನಿಗಾಗಿ ಕಾಲ್ವಿನ್ ಸ್ಟೀವನ್ಸ್ ಅವರ ಕೈಯಲ್ಲಿ. ಅಲ್ಲಿ ಅರಿವಳಿಕೆಯಾಗಿ ಪರವಾನಗಿ ಸಿಕ್ಕಿದ್ದು 1970ರಲ್ಲಿ. ಮನೋವೈದ್ಯಕ್ಕೆ ಅದನ್ನು ತಂದವರು ಮೊದಲಿಗೆ ಮಾತಿನ ಜೊತೆಗೇ ತಂದರು, ಇದನ್ನು ಈಗಿನ ಚರ್ಚೆಗಳು ಮರೆಯುತ್ತವೆ. 1973ರಲ್ಲಿ ಇರಾನಿನ ಇಬ್ಬರು ವೈದ್ಯರು ನೂರು ರೋಗಿಗಳಿಗೆ ಕೊಟ್ಟ ಅನುಭವವನ್ನು ಪ್ರಕಟಿಸಿದರು. ಅದುಮಿಟ್ಟ ನೆನಪು ಮತ್ತು ಭಾವನೆ ಹೊರಬರಲೆಂಬುದೇ ಅವರ ಗುರಿ. 1980ರ ದಶಕದ ನಡುವಿನಿಂದ ಲೆನಿನ್‌ಗ್ರಾಡಿನಲ್ಲಿ ಎವ್ಗೆನಿ ಕ್ರುಪಿಟ್ಸ್ಕಿ ಕುಡಿತದ ರೋಗಿಗಳನ್ನು ಮೊದಲು ಮಾತಿನಲ್ಲಿ ಸಿದ್ಧಪಡಿಸಿ, ಕೆಟಮಿನ್ ಕೊಟ್ಟು, ಆಮೇಲೆ ಆ ಅನುಭವದ ಬಗ್ಗೆ ಮತ್ತೆ ಮಾತಾಡಿಸುವ ಕ್ರಮವನ್ನು ಬೆಳೆಸಿದರು. 1997ರ ಅವರ ವರದಿಯ ಪ್ರಕಾರ ಹೀಗೆ ಚಿಕಿತ್ಸೆ ಪಡೆದ 111 ಜನರಲ್ಲಿ 73 ಮಂದಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕುಡಿಯಲಿಲ್ಲ. ಸಾಮಾನ್ಯ ಚಿಕಿತ್ಸೆ ಪಡೆದ 100 ಜನರಲ್ಲಿ ಹಾಗೆ ಉಳಿದವರು 24 ಮಂದಿ. ಆಮೇಲೆ 2000ದಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ ಖಿನ್ನತೆಯಿದ್ದ ಏಳು ಜನರ ಮೇಲೆ ನಡೆದ ಚಿಕ್ಕ ಪರೀಕ್ಷೆಯನ್ನು ಪ್ರಕಟಿಸಿತು. ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಗಂಟೆಗಳಲ್ಲಿ ಭಾರ ಇಳಿಯುತ್ತದೆಂಬ ಸಂಗತಿ ಎಲ್ಲರನ್ನೂ ಬೆರಗುಗೊಳಿಸಿತು. ಆ ವೇಗದ ಬೆರಗಿನಲ್ಲಿ ಮಾತು ಕಳಚಿಬಿತ್ತು. 2019ರಲ್ಲಿ ಅಮೆರಿಕದಲ್ಲಿ ಪರವಾನಗಿ ಪಡೆದ ಎಸ್‌ಕೆಟಮಿನ್ ಮೂಗಿನ ಸ್ಪ್ರೇಗೆ ರೋಗಿಯ ಮೇಲೆ ನಿಗಾ ಇಡುವ ಷರತ್ತಿದೆ, ಆಪ್ತಸಮಾಲೋಚನೆಯ ಷರತ್ತಿಲ್ಲ.

ಇಲ್ಲಿ ಗಟ್ಟಿ ಆಕ್ಷೇಪವೊಂದು ಏಳುತ್ತದೆ. ಮದ್ದೊಂದೇ ಕೆಲಸ ಮಾಡುವಾಗ ಮಾತಿನ ಹಟ ಯಾಕೆ? ಮಾತು ಸೇರಿಸಿದರೆ ಲಾಭ ಹೆಚ್ಚೆಂಬುದಕ್ಕೆ ಪುರಾವೆ ಇನ್ನೂ ತೆಳುವಾಗಿದೆ, ಇದನ್ನು ಒಪ್ಪಲೇಬೇಕು. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ ಕುಡಿತದ ಸಮಸ್ಯೆಯಿದ್ದ 96 ಜನರಿದ್ದರು. ಕೆಟಮಿನ್ ಮತ್ತು ಮಾನಸಿಕ ಚಿಕಿತ್ಸೆ ಎರಡೂ ಸಿಕ್ಕವರೇ ಹೆಚ್ಚು ದಿನ ಕುಡಿಯದೆ ಉಳಿದರು, ಆದರೆ ಒಂದು ಪರೀಕ್ಷೆಯಿಂದ ತೀರ್ಪು ಕೊಡಲಾಗದು. ನನ್ನ ವಾದ ನಿಂತಿರುವುದು ಕಳಸದಿಂದ ಬರುವ ರೋಗಿಯ ಸ್ಥಿತಿಯ ಮೇಲೆ. ಅರವತ್ತು ಕಿಲೋ ತೂಕದ ಒಬ್ಬ ಹೆಂಗಸನ್ನು ಊಹಿಸಿ. ಖಿನ್ನತೆಗೆ ಕೊಡುವ ಪ್ರಮಾಣ ಒಂದು ಕಿಲೋಗೆ ಅರ್ಧ ಮಿಲಿಗ್ರಾಂ. ಅಂದರೆ ಅವಳಿಗೆ 30 ಮಿಲಿಗ್ರಾಂ, ಒಂದು ಎಂ.ಎಲ್.ನಲ್ಲಿ 50 ಮಿಲಿಗ್ರಾಂ ಇರುವ ಶೀಶೆಯಿಂದ ಮುಕ್ಕಾಲು ಎಂ.ಎಲ್. ಕೂಡ ಬೇಡ. ಅದನ್ನು ಡ್ರಿಪ್ಪಿನಲ್ಲಿ ಬೆರೆಸಿ ನಲವತ್ತು ನಿಮಿಷ ಹರಿಸುತ್ತಾರೆ. ಕೈಕಾಲು ತನ್ನದಲ್ಲ ಎನ್ನಿಸುತ್ತದೆ, ಪಕ್ಕದವರ ದನಿ ದೂರದಿಂದ ಕೇಳಿದಂತಾಗುತ್ತದೆ, ಹೊತ್ತು ನಿಂತಂತಾಗುತ್ತದೆ. ರಕ್ತದೊತ್ತಡ ಏರುವುದರಿಂದ ನರ್ಸ್ ಮತ್ತೆ ಮತ್ತೆ ಪಟ್ಟಿ ಬಿಗಿದು ನೋಡುತ್ತಿರಬೇಕು. ಮುಗಿದ ಮೇಲೂ ಒಂದೆರಡು ಗಂಟೆ ಅಲ್ಲೇ ಇರಬೇಕು, ಆ ದಿನ ಗಾಡಿ ಓಡಿಸುವಂತಿಲ್ಲ. ಒಂದು ಸಲ ಕೊಟ್ಟದ್ದರ ಗುಣ ಒಂದೆರಡು ವಾರದಲ್ಲಿ ಕರಗುವುದರಿಂದ ಮೊದಲ ಕೆಲವು ವಾರ ವಾರಕ್ಕೆರಡು ಸಲ ಬರಬೇಕಾಗುತ್ತದೆ. ಪ್ರತಿ ಸಲವೂ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವರದೂ ಹೋಯಿತು. ಮಳೆಗಾಲದಲ್ಲಿ ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದರೆ ಹೊರನಾಡಿನ ಕಡೆಯವರು ಸುತ್ತುಬಳಸಿ ಬರಬೇಕು. 2019ರ ಮಳೆಗೆ ಚಾರ್ಮಾಡಿ ರಸ್ತೆ ಕುಸಿದಾಗ ಮೂಡಿಗೆರೆಯವರಿಗೆ ಮಂಗಳೂರಿನ ದಾರಿಯೇ ಕಡಿದಿತ್ತು. ಭಾರ ಹಗುರಾದ ಆ ಕೆಲವು ದಿನಗಳಲ್ಲಿ ಅವಳು ಗಂಡನ ಕುಡಿತದ ಬಗ್ಗೆ, ಸಂಘದ ಸಾಲದ ಬಗ್ಗೆ ಏನಾದರೊಂದು ದಾರಿ ಕಂಡುಕೊಳ್ಳಲು ಯಾರೂ ನೆರವಾಗದಿದ್ದರೆ, ಗುಣ ಕರಗಿದ ಮೇಲೆ ಅವಳ ಮುಂದಿರುವುದು ಅದೇ ಲೈನ್ ಮನೆ, ಅದೇ ಸಾಲ. ನಗರದಲ್ಲಿ ಮರುದಿನವೇ ಮತ್ತೊಂದು ಕ್ಲಿನಿಕ್ಕಿಗೆ ಹೋಗಬಲ್ಲವರಿಗೆ ಮಾತು ಹೆಚ್ಚುವರಿ ಸೌಕರ್ಯ ಇರಬಹುದು. ದೂರದಿಂದ ಬಂದವಳಿಗೆ ಮದ್ದಿನ ಫಲ ಉಳಿಯುವ ದಾರಿ ಅದೊಂದೇ.

ಇನ್ನೊಂದು ಆಕ್ಷೇಪ ಕರುಳಿನಿಂದ ಬರುವಂಥದ್ದು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿದ್ದಾಗಿನಿಂದ, 2000ದ ನಂತರದ ಬೆಲೆ ಕುಸಿತದಿಂದ, ಬಿಳಿ ಕಾಂಡಕೊರಕದಿಂದ ಸೋತ ಸಣ್ಣ ಬೆಳೆಗಾರರಿದ್ದಾರೆ; ತೋಟದ ಶೆಡ್ಡಿನಲ್ಲಿ ಕ್ರಿಮಿನಾಶಕ ಕೈಗೆಟುಕುವಂತಿರುತ್ತದೆ. ಸಾಯಬೇಕೆಂದು ನಿರ್ಧರಿಸಿದವನನ್ನು ಒಂದೇ ದಿನದಲ್ಲಿ ಹಿಂದಕ್ಕೆಳೆಯಬಲ್ಲ ಮದ್ದನ್ನು ಸಿಬ್ಬಂದಿ ಇಲ್ಲವೆಂದು ತಡೆಹಿಡಿಯುವುದು ನ್ಯಾಯವೇ? ನ್ಯಾಯವಲ್ಲ. ತುರ್ತು ಸ್ಥಿತಿಯಲ್ಲಿ ತಜ್ಞರ ಕೈಯಲ್ಲಿ ಅದು ಸಿಗಬೇಕು. 2023ರಲ್ಲಿ ಅಮೆರಿಕದಲ್ಲಿ 403 ಜನರ ಮೇಲೆ ನಡೆದ ಪರೀಕ್ಷೆಯ ವರದಿ ಬಂತು. ಭ್ರಮೆಗಳಿಲ್ಲದ ಹಠಮಾರಿ ಖಿನ್ನತೆಯಲ್ಲಿ ಕೆಟಮಿನ್, ನಮ್ಮ ಜನ ಕರೆಂಟ್ ಕೊಡಿಸುವುದು ಎನ್ನುವ ಚಿಕಿತ್ಸೆಗಿಂತ ಕಡಿಮೆಯೇನಲ್ಲ ಎಂದು ಕಂಡುಬಂತು. ಆದರೆ ನಿಗಾ ತಪ್ಪಿದರೆ ಇದೇ ಮದ್ದು ಕೊಲ್ಲಲೂಬಲ್ಲದು. ಅದೇ ವರ್ಷ ಅಕ್ಟೋಬರಿನಲ್ಲಿ ನಟ ಮ್ಯಾಥ್ಯೂ ಪೆರ್ರಿ ಸತ್ತದ್ದು ಚಿಕಿತ್ಸೆಯ ಹೊರಗೆ ಸಂಪಾದಿಸಿದ ಕೆಟಮಿನ್‌ನಿಂದ. ಚಟವಾಗಿ ಬಳಸುವವರ ಮೂತ್ರಕೋಶ ಹಾಳಾಗುತ್ತದೆ. ಭಾರತ ಸರ್ಕಾರ 2011ರಲ್ಲೇ ಇದನ್ನು ಮಾದಕವಸ್ತು ಕಾಯ್ದೆಯ ಪಟ್ಟಿಗೆ ತಂದಿತು. ಇಲ್ಲಿ ಇದಕ್ಕೆ ಪರವಾನಗಿ ಇರುವುದು ಅರಿವಳಿಕೆಯಾಗಿ.

ಪಕ್ಕದಲ್ಲಿ ಕೂತು ಕೇಳುವ ಮನುಷ್ಯರನ್ನು ಎಲ್ಲಿಂದ ತರುವುದು ಎನ್ನುವವರಿಗೆ ಕರ್ನಾಟಕದ ಚರಿತ್ರೆಯಲ್ಲೇ ಉತ್ತರವಿದೆ. 1970ರ ದಶಕದಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಡಲು ಶುರುಮಾಡಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಬಂದದ್ದು ಆ ಮಾದರಿಯ ಮೇಲೆಯೇ. ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. 2022ರ ಅಕ್ಟೋಬರಿನಿಂದ 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಇವೆಲ್ಲ ಸಣ್ಣ ಸಾಧನೆಗಳಲ್ಲ. ಆದರೆ ಮಂಗಳವಾರದ ಕ್ಯೂನಲ್ಲಿ ಒಬ್ಬರಿಗೆ ಸಿಗುವ ಸಮಯದಲ್ಲಿ ಮಾತ್ರೆ ಬರೆಯಬಹುದು, ಬದುಕಿನ ಕಥೆ ಕೇಳಲಾಗದು. ಫೋನಿನ ದನಿಗೆ ಡ್ರಿಪ್ ಹಾಕಿಸಿಕೊಂಡವಳ ಪಕ್ಕದಲ್ಲಿ ಕೂರಲಾಗದು. ಈಗ ತೋಟಗಳಲ್ಲಿ ಅಸ್ಸಾಮಿನಿಂದ ಬಂದ ಕೂಲಿಯವರೂ ಇದ್ದಾರೆ. ಅವರ ನೋವನ್ನು ಅವರ ಮಾತಿನಲ್ಲಿ ಕೇಳುವವರು ಇನ್ನೂ ವಿರಳ.

1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ತೋಟದ ಕೆಲಸಗಾರರಿಗೆ ವೈದ್ಯಕೀಯ ಸೌಲಭ್ಯ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹಾಕಿತು. ಆ ಹೊಣೆಯೊಳಗೆ ಮನಸ್ಸೂ ಸೇರಬೇಕೆಂದು ಬೆಳೆಗಾರರ ಸಂಘಗಳು ತಾವಾಗಿ ಹೇಳಬಹುದು, ಜಿಲ್ಲಾಡಳಿತ ಅದಕ್ಕೆ ಕೈಜೋಡಿಸಬಹುದು. ಕೆಟಮಿನ್ ಚಿಕಿತ್ಸೆ ಈ ಜಿಲ್ಲೆಗೆ ಬರುವ ದಿನ ದೂರವಿರಲಾರದು. ಅದಕ್ಕೆ ಮೊದಲು ಮೂಡಿಗೆರೆ ಮತ್ತು ಕಳಸದ ಸರ್ಕಾರಿ ಆಸ್ಪತ್ರೆಗಳಲ್ಲಿ ಕನ್ನಡ ತುಳು ಎರಡೂ ಬಲ್ಲ, ತರಬೇತಾದ, ಪೂರ್ಣಾವಧಿಯ ಆಪ್ತಸಮಾಲೋಚಕರನ್ನು ನೇಮಿಸಿ ಎಂದು ಇಲ್ಲಿನ ಬೆಳೆಗಾರರೂ ಕಾರ್ಮಿಕ ಸಂಘಗಳೂ ಒಟ್ಟಾಗಿ ಸರ್ಕಾರವನ್ನು ಈಗಲೇ ಕೇಳಬೇಕು.