ಶಿವನಸಮುದ್ರದಿಂದ ಬಳಸಮುದ್ರಕ್ಕೆ

ವಿದ್ಯುತ್ತಿನ ಕಾರ್ಯದಲ್ಲಿ ಸರ್ಕಾರವೂ ಖಾಸಗಿಯವರೂ ಕೈಜೋಡಿಸುವುದು ನಮ್ಮ ನಾಡಿಗೆ ಹೊಸತೇನಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸರ್ಕಾರ ಶಿವನಸಮುದ್ರದ ಯೋಜನೆಗೆ ತೊಡಗಿದಾಗ, ಅದಕ್ಕೆ ಆಧಾರವಾದದ್ದು ಕಾವೇರಿಯ ಧುಮುಕು ಮಾತ್ರವಲ್ಲ. ಕೋಲಾರದ ಚಿನ್ನದ ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಸಂಸ್ಥೆಯವರೊಡನೆ ಆದ ಕರಾರು. ಬಂಡವಾಳ ಸರ್ಕಾರದ್ದು, ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ಕೊಳ್ಳುವವರು ಗಣಿಯವರು. 1902ರಲ್ಲಿ ಆ ಶಕ್ತಿ 92 ಮೈಲಿ ತಂತಿಯ ಮೇಲೆ ಹರಿದು ಕೋಲಾರವನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದು 1905ರಲ್ಲಿ. ತಂತಿಯ ಕೆಳಗಿನ ಹಳ್ಳಿಗಳ ಸರದಿ ಬಂದದ್ದು ಬಹಳ ತಡವಾಗಿ.

ಇನ್ನು ತುಮಕೂರು ಜಿಲ್ಲೆಯ ಉತ್ತರದ ಅಂಚಿಗೆ ಬರೋಣ. ಕೊರಟಗೆರೆ, ಮಧುಗಿರಿಗಳಿಗೆ ಜಯಮಂಗಲಿಯ ಹೆಸರಾದರೂ ಉಂಟು. ಶಿರಾ, ಪಾವಗಡಗಳು ಮುಗಿಲು ನೋಡಿ ಕಡಲೆಕಾಯಿ ಬಿತ್ತುವ ಸೀಮೆ. ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ಪಾವಗಡದಲ್ಲಿ ಬರಗಾಲ ನೆಂಟನಲ್ಲ, ಮನೆಯವನೇ. ಈ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುತ್ತ ಸುಮಾರು 13,000 ಎಕರೆಯಲ್ಲಿ ಇಂದು 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಹಬ್ಬಿದೆ. (ನಮ್ಮ ಹಿರಿಯರು ದೊಡ್ಡ ಕೆರೆಗೆ ‘ಸಮುದ್ರ’ವೆಂದರು, ‘ಚೆರ್ಲು’ ಎಂಬಲ್ಲಿ ತೆಲುಗಿನ ‘ಚೆರುವು’, ಎಂದರೆ ಕೆರೆಯೇ, ಕಿವಿಗೆ ಬೀಳುತ್ತದೆ. ನೀರಿನ ಹೆಸರಿಟ್ಟುಕೊಂಡ ಊರುಗಳಿಗೆ ಬೆಲೆ ತಂದದ್ದು ಬಿಸಿಲು!)

ಇಲ್ಲಿ ಪಾತ್ರಗಳು ಅದಲುಬದಲಾಗಿವೆ. ಕೇಂದ್ರದ ಸೌರಶಕ್ತಿ ನಿಗಮವೂ ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆಯೂ ಸಮಪಾಲಿನಲ್ಲಿ ಸೇರಿ 2015ರಲ್ಲಿ ಒಂದು ನಿಗಮವನ್ನು ಕಟ್ಟಿದವು. ನಿಗಮ ನೆಲವನ್ನೂ ರಸ್ತೆಯನ್ನೂ ಉಪಕೇಂದ್ರಗಳನ್ನೂ ಒದಗಿಸಿತು. ಫಲಕ ಹಾಕಿ ವಿದ್ಯುತ್ ಉತ್ಪಾದಿಸುವ ಕೆಲಸ ಬಹುಮಟ್ಟಿಗೆ ಟಾಟಾ, ಅದಾನಿ, ಫಿನ್‌ಲೆಂಡಿನ ಫೋರ್ಟಮ್ ಮೊದಲಾದ ಖಾಸಗಿ ಕಂಪನಿಗಳಿಗೆ ಸೇರಿತು. ಅಂದು ಸರ್ಕಾರ ಮಾರಿತು, ಕಂಪನಿ ಕೊಂಡಿತು. ಇಂದು ಕಂಪನಿ ಮಾರುತ್ತದೆ, ಸರ್ಕಾರದ ಸರಬರಾಜು ಸಂಸ್ಥೆಗಳು ಕೊಳ್ಳುತ್ತವೆ. 2018ರ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಇದನ್ನು ಉದ್ಘಾಟಿಸಿದರು.

ಈ ಕರಾರಿನಲ್ಲಿ ಮೂರನೆಯವನೊಬ್ಬ ಸೇರಿದ್ದಾನೆಂಬುದೇ ನನ್ನ ಮಟ್ಟಿಗೆ ದೊಡ್ಡ ಸಂಗತಿ. ನೆಲವನ್ನು ಸರ್ಕಾರ ಕಸಿದುಕೊಳ್ಳಲಿಲ್ಲ, ಕ್ರಯಕ್ಕೂ ಪಡೆಯಲಿಲ್ಲ. ರೈತರಿಂದ 28 ವರ್ಷಗಳ ಗೇಣಿಗೆ ಹಿಡಿಯಿತು. ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಬೆಳೆ ಕೈಕೊಟ್ಟ ವರ್ಷವೂ ಕೈಗೆ ಬರುವ ಹಣವಿದು. ಅದನ್ನು ಹಗುರಾಗಿ ಕಾಣಲಾಗದು.

ಆದರೆ ಪಹಣಿಯಲ್ಲಿ ಹೆಸರಿದ್ದವನಿಗೆ ಗೇಣಿ. ಅವನ ಹೊಲದಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕಿದವಳಿಗೆ ಏನು? ಕುರಿ ಮೇಯಿಸುತ್ತಿದ್ದವನಿಗೆ? ಫಲಕ ತೊಳೆಯಲು, ಕಾವಲು ಕಾಯಲು ಕೆಲವರಿಗೆ ಕೆಲಸ ಸಿಕ್ಕಿತು. ಹೊಲ ಕರೆಯುತ್ತಿದ್ದಷ್ಟು ಕೈಗಳನ್ನು ಗಾಜು ಕರೆಯುವುದಿಲ್ಲ. ಅವರ ಸಹಿ ಯಾವ ಕಾಗದದ ಮೇಲೂ ಇಲ್ಲ.

ಗೇಣಿಯ ಅವಧಿ ತೀರುವುದು 2040ರ ದಶಕದಲ್ಲಿ. ಅಷ್ಟರೊಳಗೆ ಸಹಿ ಮಾಡಿದವರಲ್ಲಿ ಹಲವರ ಜಮೀನು ಮಕ್ಕಳ ಹೆಸರಿಗೆ ಬಂದಿರುತ್ತದೆ. ಸಮತಟ್ಟಾದ ಆ ಬಯಲಿನಲ್ಲಿ ಅವರು ತಮ್ಮ ಬದುವನ್ನು ಹುಡುಕಬೇಕು.