ಹೊಸ ಮನೆಗೆ ಕಂದಾಯ ರಿಯಾಯಿತಿ: ರಾಯದುರ್ಗ ಮತ್ತು ಮಡಕಶಿರಾ

ಹೊಸದಾಗಿ ಮನೆ ಕೊಂಡವರಿಗೆ ಇಲ್ಲವೆ ಕಟ್ಟಿಸಿಕೊಂಡವರಿಗೆ ಆಸ್ತಿ ತೆರಿಗೆ, ಮುದ್ರಾಂಕ ಶುಲ್ಕ, ಆದಾಯ ತೆರಿಗೆ ಹಾಗೂ ಸಾಲದ ಬಡ್ಡಿಯಲ್ಲಿ ಸಿಗುವ ವಿನಾಯಿತಿಗಳು ಈ ಲೇಖನದ ವಿಷಯ. ಆಂಧ್ರಪ್ರದೇಶದ ಗಡಿಯಲ್ಲಿರುವ ಈ ಎರಡು ಊರುಗಳಲ್ಲಿ ಕನ್ನಡಿಗರು ಗಣನೀಯವಾಗಿದ್ದಾರೆ. ಬಳ್ಳಾರಿ ಜಿಲ್ಲೆಗೆ ಸೇರಿದ್ದ ರಾಯದುರ್ಗ 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಹೋಯಿತು. ಇಂದು ಅನಂತಪುರ ಜಿಲ್ಲೆಯ ಪುರಸಭೆ. ಮೂರು ಕಡೆ ಕರ್ನಾಟಕವೇ ಸುತ್ತುವರಿದಿರುವ ಮಡಕಶಿರಾ ನಗರ ಪಂಚಾಯಿತಿ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ.

ನ್ಯೂಯಾರ್ಕ್ ನಗರದಲ್ಲಿ 1971ರಲ್ಲಿ ಬಂದ 421-ಎ ಯೋಜನೆ ಹೊಸ ವಸತಿ ಕಟ್ಟಡಗಳ ಆಸ್ತಿ ತೆರಿಗೆಯನ್ನು ಹಲವು ವರ್ಷ ಇಳಿಸಿಕೊಟ್ಟಿತು. ಮನೆ ಹೊಸದು ಎಂಬ ಒಂದೇ ಕಾರಣಕ್ಕೆ ಕಂದಾಯ ಬಿಡುವ ಅಂಥ ಪದ್ಧತಿ ಆಂಧ್ರದ ಪುರಸಭೆಗಳಲ್ಲಿಲ್ಲ. ಇಲ್ಲಿನ ರಿಯಾಯಿತಿ ಹಿಂದೆ ಹಳೆಯ ಮನೆಗೇ ಹೆಚ್ಚು ಒಲಿದಿತ್ತು. 1965ರ ಆಂಧ್ರಪ್ರದೇಶ ಪುರಸಭೆಗಳ ಕಾಯ್ದೆಯಡಿ ಮನೆಗೆ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದೆಂದು ಅಂದಾಜಿಸಿ ತೆರಿಗೆ ಕಟ್ಟುತ್ತಿದ್ದರು. ಆ ಅಂದಾಜಿನಲ್ಲಿ 25 ವರ್ಷದೊಳಗಿನ ಕಟ್ಟಡಕ್ಕೆ ಶೇ 10, 40 ವರ್ಷದವರೆಗಿನದಕ್ಕೆ ಶೇ 20, ಅದಕ್ಕೂ ಹಳೆಯದಕ್ಕೆ ಶೇ 30 ಕಳೆಯುತ್ತಿದ್ದರು. ಮಾಲೀಕನೇ ವಾಸವಿದ್ದರೆ ಎಲ್ಲ ಸೇರಿ ಶೇ 40. ಹೊಸ ಮನೆಯವರಿಗೆ ನಿಜವಾಗಿ ನೆರವಾದದ್ದು ಈ ಕೊನೆಯ ಅವಕಾಶವೇ.

2020ರ ತಿದ್ದುಪಡಿಯ ನಂತರ, 2021ರ ಏಪ್ರಿಲ್ 1ರಿಂದ, ಬಾಡಿಗೆಯ ಬದಲು ಆಸ್ತಿಯ ಮೌಲ್ಯವೇ ತೆರಿಗೆಗೆ ಆಧಾರವಾಯಿತು. ವಾಸದ ಮನೆಗಳಿಗೆ ಮೌಲ್ಯದ ಶೇ 0.10ರಿಂದ 0.50ರ ನಡುವೆ ದರ ಗೊತ್ತುಮಾಡುವ ಅಧಿಕಾರ ಸ್ಥಳೀಯ ಸಂಸ್ಥೆಗೆ ಸಿಕ್ಕಿತು. ಹೊರೆ ಒಮ್ಮೆಲೇ ಏರದಿರಲೆಂದು, ಹಿಂದೆ ಕಟ್ಟುತ್ತಿದ್ದುದಕ್ಕಿಂತ ಶೇ 15ಕ್ಕೆ ಮೀರಿ ಹೆಚ್ಚಿಸಬಾರದೆಂಬ ಮಿತಿಯನ್ನೂ ಹಾಕಲಾಯಿತು. ಹೊಸ ಮನೆಗೆ ಹಿಂದಿನ ತೆರಿಗೆ ಎಂಬುದೇ ಇರುವುದಿಲ್ಲವಾದ್ದರಿಂದ ಈ ಮಿತಿಯ ರಕ್ಷಣೆ ಅದಕ್ಕೆ ದಕ್ಕದು. ಒಂದೇ ಬೀದಿಯ ಎರಡು ಸಮಾನ ಮನೆಗಳಲ್ಲಿ ಹೊಸದರ ಕಂದಾಯ ಹೆಚ್ಚಾಗಲು ಇಲ್ಲಿ ದಾರಿಯಿದೆ. ಮೊದಲ ಮನೆ ಮಾಡಿಕೊಳ್ಳುವ ಯುವ ಕುಟುಂಬದ ಮೇಲೆ ಬೀಳುವ ಈ ಭಾರ ನ್ಯಾಯವೆನಿಸುವುದಿಲ್ಲ.

ಬಡವರಿಗೆ ನೇರವಾಗಿ ಮುಟ್ಟುವ ಅನುಕೂಲ ಒಂದಿದೆ: 375 ಚದರ ಅಡಿಯೊಳಗಿನ ಮನೆಯಲ್ಲಿ ಮಾಲೀಕರೇ ವಾಸವಿದ್ದರೆ ವರ್ಷಕ್ಕೆ 50 ರೂಪಾಯಿ ಮಾತ್ರ. ಇನ್ನುಳಿದವರು ಇಡೀ ವರ್ಷದ ಕಂದಾಯವನ್ನು ಏಪ್ರಿಲ್ 30ರೊಳಗೆ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ. ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಶೇ 2 ಬಡ್ಡಿ. ಪ್ಲಾನ್ ಮೀರಿ ಕಟ್ಟಿದ ಮನೆಗೆ ತೆರಿಗೆಯ ಮೇಲೆ ಶೇ 25ರಿಂದ 100ರವರೆಗೆ ದಂಡವಿದ್ದು, ಅದನ್ನು ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ.

ಕೊಳ್ಳುವ ಹಂತದಲ್ಲಿ ಗಡಿಯ ಆಚೀಚೆ ವ್ಯತ್ಯಾಸ ಎದ್ದು ಕಾಣುತ್ತದೆ. ಆಂಧ್ರದಲ್ಲಿ ಮುದ್ರಾಂಕ ಶುಲ್ಕ ಶೇ 5, ವರ್ಗಾವಣೆ ಶುಲ್ಕ ಶೇ 1.5, ನೋಂದಣಿ ಶುಲ್ಕ ಶೇ 1. ಕರ್ನಾಟಕವು 2020 ಮತ್ತು 2021ರಲ್ಲಿ ಮೊದಲ ಬಾರಿ ಮಾರಾಟವಾಗುವ ಫ್ಲ್ಯಾಟುಗಳ ಮುದ್ರಾಂಕ ಶುಲ್ಕವನ್ನು ಇಳಿಸಿತು: 20 ಲಕ್ಷದವರೆಗೆ ಶೇ 2, 45 ಲಕ್ಷದವರೆಗೆ ಶೇ 3. ಹೊಸ ಮನೆಯನ್ನೇ ಗುರಿಯಾಗಿಸಿದ ಉತ್ತೇಜನವೆಂದರೆ ಇದು. ದುಡಿಯಲು ಬೆಂಗಳೂರಿಗೆ ಹೋಗಿ ಅಲ್ಲೇ ಫ್ಲ್ಯಾಟ್ ಕೊಳ್ಳುವ ಮಡಕಶಿರಾದವರಿಗೂ ಇದು ಅನ್ವಯಿಸುತ್ತದೆ. ಕಟ್ಟಡ ಮುಗಿಯುವ ಮೊದಲೇ ಕೊಂಡರೆ 2019ರ ಏಪ್ರಿಲ್‌ನಿಂದ ಜಿಎಸ್‌ಟಿ ಶೇ 5. 45 ಲಕ್ಷದೊಳಗಿನ ಕೈಗೆಟಕುವ ಮನೆಗೆ ಶೇ 1. ಅದರ ವಿಸ್ತೀರ್ಣದ ಮಿತಿ ಬೆಂಗಳೂರಿನಲ್ಲಿ 60 ಚದರ ಮೀಟರ್, ಮಹಾನಗರವಲ್ಲದ ಊರುಗಳಲ್ಲಿ 90.

ಕೇಂದ್ರದ ನೆರವಿನ ಮೊತ್ತ ಇವೆಲ್ಲಕ್ಕಿಂತ ದೊಡ್ಡದು. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ಕಳೆತವಿದೆ. ಹೊಸ ಪದ್ಧತಿಯನ್ನು ಆರಿಸಿದವರಿಗೆ ಇದಿಲ್ಲ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ, ವರ್ಷಕ್ಕೆ 9 ಲಕ್ಷದೊಳಗಿನ ಆದಾಯದ ಕುಟುಂಬ 35 ಲಕ್ಷದೊಳಗಿನ ಮನೆ ಕೊಂಡರೆ ಸಾಲದ ಮೊದಲ 8 ಲಕ್ಷಕ್ಕೆ ಶೇ 4 ಬಡ್ಡಿ ನೆರವುಂಟು. ಗರಿಷ್ಠ 1.80 ಲಕ್ಷ, ಐದು ವಾರ್ಷಿಕ ಕಂತುಗಳಲ್ಲಿ. ಆದರೆ ಕುಟುಂಬದ ಯಾರ ಹೆಸರಿನಲ್ಲೂ ದೇಶದಲ್ಲೆಲ್ಲೂ ಪಕ್ಕಾ ಮನೆ ಇರಬಾರದು. ಊರಿನಲ್ಲಿ ಪಿತ್ರಾರ್ಜಿತ ಮನೆ ತನ್ನ ಹೆಸರಿಗೆ ಬಂದಿದ್ದರೆ, ನಗರದಲ್ಲಿ ಬಾಡಿಗೆಗಿರುವವರಿಗೂ ಈ ಬಡ್ಡಿ ನೆರವು ತಪ್ಪಿಹೋಗುತ್ತದೆ.