ಎಲಿಮಿನೇಟರಿನ ಕಥೆ: ಹಳೆಯ ಟೇಪ್ ರೆಕಾರ್ಡರ್ ಮತ್ತೆ ಮಾತನಾಡಿತು

ಬ್ರಹ್ಮಕಲಶೋತ್ಸವದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಕೇಳಿಕೊಂಡರು. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಅಂಗಡಿಯಲ್ಲಿ ಕುಳಿತವನು. ಕ್ಷೇತ್ರದ ಪುರಾಣ, ಶಿಲ್ಪದ ವಿಚಾರವನ್ನು ಬಲ್ಲವರು ಬರೆದಿದ್ದಾರೆ. ನಾನು ಒಂದು ಸಣ್ಣ ಪೆಟ್ಟಿಗೆಯ ಕಥೆಯನ್ನು ಹೇಳುತ್ತೇನೆ.

ಜೀರ್ಣೋದ್ಧಾರಕ್ಕಾಗಿ ಉಗ್ರಾಣ ಖಾಲಿ ಮಾಡುವಾಗ ಹಳೆಯ ಟೇಪ್ ರೆಕಾರ್ಡರ್ ಒಂದೂ, ಬಿಸ್ಕಿಟ್ ಡಬ್ಬಿ ತುಂಬ ಕ್ಯಾಸೆಟ್‌ಗಳೂ ಸಿಕ್ಕಿದವು. ಇವು ಹಿಂದೆ ನವರಾತ್ರಿಯಲ್ಲಿ ನಮ್ಮ ಅಂಗಣದಲ್ಲಿ ನಡೆದ ತಾಳಮದ್ದಳೆಯ ಕ್ಯಾಸೆಟ್‌ಗಳು. ಸೆಟ್ಟು ಚಾಲೂ ಆಗಲಿಲ್ಲ. ಒಳಗೆ ಬಿಟ್ಟಿದ್ದ ಸೆಲ್ಲುಗಳು ಸೋರಿ ತಗಡುಗಳನ್ನು ತಿಂದಿದ್ದವು. ಜೊತೆಗಿದ್ದ ಎಲಿಮಿನೇಟರ್ ಸುಟ್ಟು ಕರಕಾಗಿತ್ತು. ಆ ಮಾದರಿಯ ತಯಾರಿ ನಿಂತು ಎಷ್ಟೋ ವರ್ಷವಾಗಿದೆ, ಬಿಡಿ ಸಾಮಾನು ಸಿಗುವುದಿಲ್ಲ. ಗುಜರಿಗೆ ಕೊಡುವುದೆಂದು ತೀರ್ಮಾನವೂ ಆಯಿತು. ಆಗ ನಮ್ಮೂರಿನಲ್ಲಿ ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ಅದನ್ನು ತಿರುಗಿಸಿ ನೋಡಿ, "ಅಣ್ಣಾ, ಸೆಟ್ಟು ಸತ್ತಿಲ್ಲ. ಅದಕ್ಕೆ ಅನ್ನ ಇಲ್ಲ, ಅಷ್ಟೆ" ಎಂದರು.

ಈ ಎಲಿಮಿನೇಟರ್ ಎಂಬ ಹೆಸರು ಎಲ್ಲಿಂದ ಬಂತು? ಎಲಿಮಿನೇಟ್ ಎಂದರೆ ಇಲ್ಲದಂತೆ ಮಾಡುವುದು. ಇಲ್ಲದಂತೆ ಮಾಡಿದ್ದು ಬ್ಯಾಟರಿಯನ್ನು. 1920ರ ದಶಕದಲ್ಲಿ ಅಮೆರಿಕದ ಮನೆಗಳಿಗೆ ರೇಡಿಯೋ ಬಂದಾಗ ಅದು ಬ್ಯಾಟರಿಯಿಂದಲೇ ನಡೆಯುತ್ತಿತ್ತು. ವಾಲ್ವಿನ ತಂತಿ ಕಾಯಿಸಲು ಒಂದು ಬ್ಯಾಟರಿ, 45 ಅಥವಾ 90 ವೋಲ್ಟಿನ ಇನ್ನೊಂದು, ಇವೆರಡು ಸಾಲದೆ ಹಲವು ಸೆಟ್ಟುಗಳಿಗೆ ಮೂರನೆಯದೂ ಬೇಕಿತ್ತು. ಮನೆಯಲ್ಲಿ ವಿದ್ಯುತ್ ದೀಪ ಉರಿಯುತ್ತಿದ್ದರೂ ರೇಡಿಯೋಗೆ ಅದು ಆಗುತ್ತಿರಲಿಲ್ಲ. ಮನೆಯ ಕರೆಂಟು ಎ.ಸಿ., ಅಂದರೆ ಹಿಂದೆ ಮುಂದೆ ಓಡುವಂಥದ್ದು. ರೇಡಿಯೋಗೆ ಬೇಕಾದದ್ದು ಒಂದೇ ದಿಕ್ಕಿಗೆ ಹರಿಯುವ ಡಿ.ಸಿ. ಆ ಕಾಲದ ವಾಲ್ವುಗಳ ತಂತಿಗೆ ಎ.ಸಿ. ಕೊಟ್ಟರೆ ಗುಂಯ್‌ಗುಡುವ ಸದ್ದು ಬರುತ್ತಿತ್ತು.

1925ರಲ್ಲಿ ಈ ತೊಡಕು ಬಿಡಿಸಿತು. ಅಮೆರಿಕದ ರೇಥಿಯಾನ್ ಕಂಪೆನಿ ಎ.ಸಿ.ಯನ್ನು ಡಿ.ಸಿ. ಮಾಡುವ ಅನಿಲ ತುಂಬಿದ ವಾಲ್ವನ್ನು ಮಾರುಕಟ್ಟೆಗೆ ತಂದಿತು. ಕೆನಡಾದ ಟೊರೊಂಟೋದಲ್ಲಿ ಎಡ್ವರ್ಡ್ ರೋಜರ್ಸ್ ಎಂಬವರು ಅದೇ ವರ್ಷ ಬ್ಯಾಟರಿಯಿಲ್ಲದ ರೇಡಿಯೋವನ್ನು ತಂದರು. ವ್ಯಾಪಾರಿಯಾದ ನನಗೆ ಹೆಚ್ಚು ಹಿಡಿಸಿದ್ದು ಫಿಲ್ಕೋ ಕಂಪೆನಿಯ ಕಥೆ. ಫಿಲಡೆಲ್ಫಿಯಾದ ಈ ಕಂಪೆನಿಯವರು ಅಲ್ಲಿಯವರೆಗೆ ಬ್ಯಾಟರಿ ಮಾರುತ್ತಿದ್ದವರು. ಬ್ಯಾಟರಿಗೆ ಕಾಲವಿಲ್ಲವೆಂದು ಕಂಡಾಗ ತಾವೇ ಎಲಿಮಿನೇಟರ್ ಮಾಡಿದರು. ನೇರ ಕರೆಂಟಿನ ರೇಡಿಯೋ ಬಂದು ಎಲಿಮಿನೇಟರೂ ಬೇಡವಾದಾಗ, 1928ರಲ್ಲಿ ರೇಡಿಯೋವನ್ನೇ ಮಾಡತೊಡಗಿದರು.

1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಕೆಲವೇ ಸೆಲ್ಲುಗಳಿಂದ ಸೆಟ್ಟು ನಡೆಯುವಂತಾಯಿತು. 1963ರಲ್ಲಿ ಫಿಲಿಪ್ಸ್ ಕಂಪೆನಿ ಕ್ಯಾಸೆಟ್ಟನ್ನು ಹೊರತಂದಿತು. ನಮ್ಮ ಕಡೆ ಟ್ರಾನ್ಸಿಸ್ಟರ್, ಟೇಪ್ ರೆಕಾರ್ಡರ್ ಬಂದಾಗ ಅನೇಕ ಮನೆಗಳಿಗೆ ಕರೆಂಟು ಬಂದಿರಲಿಲ್ಲ. ಸೆಲ್ಲನ್ನು ಬಿಸಿಲಿಗಿಟ್ಟು ಮತ್ತೆ ಹಾಕಿದ ನೆನಪು ನನ್ನ ಪ್ರಾಯದವರಿಗೆಲ್ಲ ಇದೆ. ಕಂಬ ಬಂದ ಮೇಲೆ ಮೊದಲು ಬಲ್ಬು, ಆಮೇಲೆ ಎಲಿಮಿನೇಟರ್. ಅಮೆರಿಕದಲ್ಲಿ ಮರೆತ ಹೆಸರು ನಮ್ಮ ಅಂಗಡಿಗಳಲ್ಲಿ ಹೀಗೆ ಉಳಿಯಿತು.

ನಮ್ಮ ಸೆಟ್ಟಿಗೆ ಬೇಕಾದದ್ದು 9 ವೋಲ್ಟ್, ಅಂದರೆ ಆರು ಸೆಲ್ಲುಗಳ ಬಲ. ಪೇಟೆಯಿಂದ ತಂದ ಹಗುರ ಅಡಾಪ್ಟರ್ ಒಂದನ್ನು ಸಿಕ್ಕಿಸಿ ನೋಡಿದೆವು. ಮಾತಿನ ಜೊತೆ ಕೀಂಯ್ ಎಂಬ ಸದ್ದೂ ಬಂತು. ಕೊನೆಗೆ ಹಿರಿಯರೇ ಹಳೆಯ ಕ್ರಮದಲ್ಲಿ ಒಂದನ್ನು ಕಟ್ಟಲು ಕುಳಿತರು. 230 ವೋಲ್ಟನ್ನು 12ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್, ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುವ ನಾಲ್ಕು ಡಯೋಡ್, ಏರಿಳಿತ ತುಂಬಿಕೊಳ್ಳಲು 2200 ಮೈಕ್ರೋಫ್ಯಾರಡ್ ಕೆಪಾಸಿಟರ್, ಕೊನೆಗೆ 7809 ಎಂಬ ಮೂರು ಕಾಲಿನ ಐ.ಸಿ. ಆ ಅಂಕಿಯ ಕೊನೆಯ 09 ಎಂದರೆ 9 ವೋಲ್ಟ್ ಎಂದೇ ಅರ್ಥ. ಮೊದಲೇ 9ಕ್ಕೆ ಇಳಿಸಬಾರದೇ ಎಂದು ಕೇಳಿದೆ. ಆ ಐ.ಸಿ.ಗೆ ತಾನು ಕೊಡುವುದಕ್ಕಿಂತ ಎರಡು ವೋಲ್ಟಾದರೂ ಹೆಚ್ಚು ಬೇಕು, ಸಂಜೆ ಕರೆಂಟು ಇಳಿದರೂ ಸೆಟ್ಟು ನಡೆಯಬೇಕಲ್ಲ ಎಂದರು. ಹೆಚ್ಚಾದದ್ದು ಬಿಸಿಯಾಗಿ ಹೋಗುತ್ತದೆ. ಅದಕ್ಕಾಗಿ ಐ.ಸಿ.ಯ ಬೆನ್ನಿಗೆ ಅಲ್ಯೂಮಿನಿಯಂ ತುಂಡು ಕೂರಿಸಿದರು. ಪಿನ್ನು ಜೋಡಿಸುವ ಮುಂಚೆ ಮೀಟರ್ ಇಟ್ಟು ಪ್ಲಸ್ ಮೈನಸ್ ಎರಡೆರಡು ಬಾರಿ ನೋಡಿದರು. ಕೆಲವು ಕಂಪೆನಿಗಳಲ್ಲಿ ನಡುಪಿನ್ನು ಪ್ಲಸ್, ಕೆಲವರದ್ದು ಮೈನಸ್. ತಪ್ಪಿದರೆ ಸೆಟ್ಟೇ ಸುಟ್ಟುಹೋಗುತ್ತದೆ. ಕರೆಂಟಿನ ಕೆಲಸವಾದ್ದರಿಂದ ತಿಳಿಯದವರು ಇದಕ್ಕೆ ಕೈಹಾಕಬಾರದು.

ಸಡಿಲಾಗಿದ್ದ ರಬ್ಬರ್ ಬೆಲ್ಟನ್ನೂ ಬದಲಿಸಿ ಗುಂಡಿ ಒತ್ತಿದೆವು. ಚೆಂಡೆಯ ಪೆಟ್ಟು, ಭಾಗವತರ ಪದ, ಅದರ ಬೆನ್ನಿಗೆ ನಮ್ಮೂರಿನ ಅರ್ಥಧಾರಿಗಳ ಧ್ವನಿ. ಅವರಲ್ಲಿ ಹಲವರು ಇಂದು ನಮ್ಮೊಡನಿಲ್ಲ. ತಂದೆಯ ಧ್ವನಿಯನ್ನು ಎಷ್ಟೋ ವರ್ಷದ ಬಳಿಕ ಕೇಳಿದ ಮಗನೊಬ್ಬ ಎದ್ದು ಹೊರಗೆ ಹೋಗಿ ನಿಂತ.

ತಾಳಮದ್ದಳೆಯಲ್ಲಿ ಪದಗಳು ಪುಸ್ತಕದಲ್ಲಿರುತ್ತವೆ, ಅರ್ಥ ಇರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಮಹಾನುಭಾವರಿಂದ ಹಿಡಿದು ನಮ್ಮೂರಿನ ಹವ್ಯಾಸಿಯವರೆಗೆ ಎಲ್ಲರೂ ಆ ಹೊತ್ತಿಗೆ ಹೊಳೆದದ್ದನ್ನು ಆಡಿದವರು. ಅಂಥ ಮಾತಿಗೆ ಟೇಪೇ ದಾಖಲೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಕನ್ನಡ ಹೇಗೆ ಉಳಿದು ಬಂತು ಎಂಬುದಕ್ಕೆ ಈ ಡಬ್ಬಿಯೂ ಒಂದು ಸಾಕ್ಷಿ. ಕೆಲವು ಕ್ಯಾಸೆಟ್‌ಗಳು ಬೂಸಲು ಹಿಡಿದು ಹಾಳಾಗಿವೆ. ಉಳಿದವುಗಳನ್ನು ಯುವಕ ಮಂಡಲದ ಹುಡುಗರು ಕಂಪ್ಯೂಟರಿಗೆ ಇಳಿಸುತ್ತಿದ್ದಾರೆ.

ಊರ ಭಕ್ತಾದಿಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಅಟ್ಟದಲ್ಲಿಯೂ ಇಂಥ ಸೆಟ್ಟು, ಕ್ಯಾಸೆಟ್ಟು ಇದ್ದೀತು. ಗುಜರಿಗೆ ಹಾಕುವ ಮೊದಲು ಒಮ್ಮೆ ದೇವಸ್ಥಾನದ ಕಚೇರಿಗೆ ತನ್ನಿ. ಪೆಟ್ಟಿಗೆಯನ್ನು ಕಟ್ಟಿದ ಹಿರಿಯರು ಮಜೂರಿ ತೆಗೆದುಕೊಳ್ಳಲಿಲ್ಲ, ಹೆಸರು ಹಾಕುವುದೂ ಬೇಡವೆಂದರು.